ಜೆಲ್ಲಿನಲ್ಲಿ ನೆಲೆಗೊಳಿಸಿದ ಜೀವಕೋಶ: ಒಂದು ಇತಿಹಾಸಕಥನದ ಪರಾಮರ್ಶೆ

೧

ವಿಜ್ಞಾನದ ಇತಿಹಾಸವನ್ನು ವಿಜ್ಞಾನಿಗಳೇ ಬರೆಯುವುದು ಹೊಸ ಸಂಗತಿಯಲ್ಲ. ಅದು ಆಕ್ಷೇಪಾರ್ಹವೂ ಅಲ್ಲ. ಪ್ರಯೋಗದ ಮರ್ಮವನ್ನು ಬಲ್ಲವರು ಆ ಪ್ರಯೋಗದ ಪೂರ್ವಕಥೆಯನ್ನು ಹೇಳಿದಾಗ ಅವರ ಮಾತಿಗೆ ಒಂದು ಅಧಿಕಾರ ತಾನಾಗಿಯೇ ಒದಗುತ್ತದೆ. ಆದರೆ ಆ ಅಧಿಕಾರವು ಪ್ರಯೋಗದ ವಿಷಯದಲ್ಲಿ ಎಷ್ಟು ಸಲ್ಲುವುದೋ ಗತಕಾಲದ ವಿಷಯದಲ್ಲಿಯೂ ಅಷ್ಟೇ ಸಲ್ಲುವುದೆಂದು ಹೇಳಲಾಗದು. ಗತಕಾಲದ ಬಗೆಗೆ ಆಡಿದ ಮಾತು, ಆಡಿದವರು ಯಾರೇ ಆಗಿರಲಿ, ಆಕರಗಳ ಪರೀಕ್ಷೆಗೆ ಒಳಪಡಬೇಕಾದುದೇ. ಪ್ರಕೃತ ಲೇಖನದಲ್ಲಿ ಅಂತಹ ಒಂದು ಪೂರ್ವಕಥೆಯನ್ನು ಪರೀಕ್ಷೆಗೆ ಒಡ್ಡಲಾಗಿದೆ.

ಪರೀಕ್ಷೆಗೆ ಆರಿಸಿಕೊಂಡಿರುವುದು, ಜೀವಕೋಶಗಳನ್ನು ಪಾಲಿಮರ್ ಜೆಲ್ಲಿನೊಳಗೆ ನೆಲೆಗೊಳಿಸುವ ವಿದ್ಯೆಯ ಇತಿಹಾಸ. ಸಣ್ಣ ಅಣುಗಳು ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿಯೇ ಪಾಲಿಮರ್. ಇಂತಹ ಸರಪಳಿಗಳು ನೀರಿನಲ್ಲಿ ಹರಡಿ, ಅಲ್ಲಲ್ಲಿ ಒಂದನ್ನೊಂದು ಹಿಡಿದುಕೊಂಡು ಬಲೆಯಾದಾಗ ಆ ನೀರು ಹರಿಯದೆ ನಿಲ್ಲುತ್ತದೆ. ಹೀಗೆ ನಿಂತುದೇ ಜೆಲ್. ಬಲೆಯ ಕಣ್ಣುಗಳು ಸಕ್ಕರೆ, ಆಮ್ಲಜನಕ, ಲವಣ ಮುಂತಾದ ಸಣ್ಣ ಅಣುಗಳಿಗೆ ದಾರಿ ಬಿಡುತ್ತವೆ, ಜೀವಕೋಶಕ್ಕೆ ಬಿಡುವುದಿಲ್ಲ. ಆದುದರಿಂದ ಕೋಶವು ಇದ್ದಲ್ಲಿಯೇ ಇದ್ದು ಆಹಾರವನ್ನು ಪಡೆಯಬಲ್ಲುದು. ತಾನು ತಯಾರಿಸಿದುದನ್ನು ಹೊರಕ್ಕೆ ಕಳುಹಬಲ್ಲುದು. ತತ್ತ್ವ ಇಷ್ಟು ಸರಳವಾದುದು. ಅದರ ಆಧಾರದ ಮೇಲೆ ಔಷಧ ಮತ್ತು ಆಹಾರದ ಕೈಗಾರಿಕೆಗಳು ಬೆಳೆದಿವೆ. ಮಧುಮೇಹ ರೋಗಿಗಳು ದಿನದಿನದ ಇನ್ಸುಲಿನ್ ಚುಚ್ಚುಮದ್ದಿನಿಂದ ಬಿಡುಗಡೆ ಹೊಂದಬಹುದೆಂಬ ಆಶೆಯೂ ಬೆಳೆದಿದೆ. ಈ ಎರಡನೆಯ ಕಾರಣದಿಂದಲೇ ಇದರ ಇತಿಹಾಸವನ್ನು ಸರಿಯಾಗಿ ಹೇಳುವುದು ಕೇವಲ ಪಾಂಡಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

೨

ಈ ವಿದ್ಯೆಯನ್ನು ಕುರಿತ ಸಮೀಕ್ಷಾ ಲೇಖನಗಳ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇತಿಹಾಸದ ಒಂದು ಕಂಡಿಕೆ ಇರುತ್ತದೆ. ವೈದ್ಯಕೀಯದ ಕಡೆಯಿಂದ ಬರೆಯುವವರು ಹೇಳುವ ಕಥೆ ಇದು: ೧೯೩೩ರಲ್ಲಿ ಇಟಲಿಯ ವಿನ್ಸೆಂಜೊ ಬಿಶೆಲ್ಯೆ ಗಡ್ಡೆಯ ಕೋಶಗಳನ್ನು ಪಾಲಿಮರ್ ಪೊರೆಯೊಳಗಿಟ್ಟು ಪ್ರಾಣಿದೇಹದಲ್ಲಿ ನೆಟ್ಟನು, ೧೯೬೪ರಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಥಾಮಸ್ ಚಾಂಗ್ 'ಕೃತಕ ಕೋಶ'ದ ಕಲ್ಪನೆಯನ್ನು ಮುಂದಿಟ್ಟರು, ೧೯೮೦ರಲ್ಲಿ ಫ್ರಾಂಕ್ಲಿನ್ ಲಿಮ್ ಮತ್ತು ಆಂಟನಿ ಸನ್ ಎಂಬುವರು ಇನ್ಸುಲಿನ್ ಸ್ರವಿಸುವ ದ್ವೀಪಕಗಳನ್ನು ಆಲ್ಜಿನೇಟಿನ ಗುಳಿಗೆಗಳಲ್ಲಿಟ್ಟು ಮಧುಮೇಹವಿದ್ದ ಇಲಿಗಳನ್ನು ಗುಣಪಡಿಸಿದರು. ಕೈಗಾರಿಕೆಯ ಕಡೆಯವರ ಪಟ್ಟಿ ಬೇರೆ: ೧೯೬೬ರಲ್ಲಿ ಸ್ವೀಡನ್ನಿನ ಮೋಸ್‌ಬಾಕ್ ದ್ವಯರು, ೧೯೭೩ರಲ್ಲಿ ಜಪಾನಿನ ಚಿಬಾಟಾ ಮತ್ತು ಅವರ ಸಂಗಡಿಗರು, ೧೯೭೭ರಲ್ಲಿ ಯೀಸ್ಟ್ ಮೊದಲಾದವನ್ನು ಕ್ಯಾಲ್ಸಿಯಂ ಆಲ್ಜಿನೇಟಿನಲ್ಲಿ ಹಿಡಿದಿಟ್ಟ ಕಿಯರ್‌ಸ್ಟನ್ ಮತ್ತು ಬಕ್. ವಿದ್ಯಾರ್ಥಿಯ ಟಿಪ್ಪಣಿಗೆ ಇಳಿಯುವ ವೇಳೆಗೆ ಇವೆರಡೂ ಹೊಲಿಗೆಗೊಂಡು, ೧೯೩೩ರಿಂದ ಇಂದಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದೇ ಸೋಪಾನವಾಗಿ ತೋರುತ್ತವೆ.

ಈ ಕಥನದಲ್ಲಿ ಗುಣವಿಲ್ಲವೆಂದಲ್ಲ. ಅದು ಸಂಕ್ಷಿಪ್ತವಾಗಿದೆ, ಹೆಸರುಗಳನ್ನೂ ವರ್ಷಗಳನ್ನೂ ನೆನಪಿಡಲು ಅನುಕೂಲವಾಗಿದೆ, ಚದುರಿದ ಪ್ರಯೋಗಗಳಿಗೆ ಒಂದು ಸೂತ್ರವನ್ನು ಒದಗಿಸುತ್ತದೆ. ಆದರೆ ಸೂತ್ರವು ಮಣಿಗಳಿಗಿಂತ ಬಲವಾಗಿದೆ. ಈ ಕಥನವು ಎರಡು ಪ್ರಶ್ನೆಗಳನ್ನು ಎಲ್ಲಿಯೂ ಕೇಳುವುದಿಲ್ಲ: ಜೆಲ್ಲಿನೊಳಗಿಟ್ಟ ಕೋಶದಿಂದ ಬಯಸಿದುದೇನು? ಕೊನೆಗೆ ಆ ಕೋಶಕ್ಕೆ ಆದುದೇನು? ಈ ಎರಡನ್ನು ಕೇಳಿದ ಕೂಡಲೆ ಒಂದೇ ಸೋಪಾನವೆಂದು ಕಂಡದ್ದು ಮೂರು ಬೇರೆ ಬೇರೆ ದಾರಿಗಳಾಗಿ ಒಡೆಯುತ್ತದೆ ಎಂಬುದೇ ಈ ಲೇಖನದ ಪ್ರತಿಪಾದನೆ. ಒಂದರಲ್ಲಿ ಜೆಲ್ಲು ಹೊಲ, ಅದರಲ್ಲಿ ಕೋಶ ಬೆಳೆಯಬೇಕು. ಇನ್ನೊಂದರಲ್ಲಿ ಅದು ಕಾರ್ಖಾನೆ, ಅಲ್ಲಿ ಕೋಶ ದುಡಿಯಬೇಕು. ಮತ್ತೊಂದರಲ್ಲಿ ಅದು ಕೋಟೆ, ಅದರೊಳಗೆ ಕೋಶ ಬದುಕಿ ಉಳಿಯಬೇಕು. ಹೊಲದ ಗೆಲುವನ್ನಾಗಲಿ ಕಾರ್ಖಾನೆಯ ಗೆಲುವನ್ನಾಗಲಿ ಕೋಟೆಯ ಲೆಕ್ಕಕ್ಕೆ ಬರೆಯುವುದು ಸಲ್ಲದು.

೩

ಮೊದಲು ಆಕರದ ಪ್ರಶ್ನೆ. ಬಿಶೆಲ್ಯೆಯ ಪ್ರಯೋಗವನ್ನು ಕುರಿತು ಪ್ರಚಲಿತವಾಗಿರುವ ವಾಕ್ಯವು, ಪಾಲಿಮರ್ ಪೊರೆಯಲ್ಲಿ ಸುತ್ತಿದ ಗಡ್ಡೆಯ ಕೋಶಗಳನ್ನು ಹಂದಿಯ ಉದರಕುಹರದಲ್ಲಿ ಇಟ್ಟಾಗ ಅವು ದೀರ್ಘಕಾಲ ಬದುಕಿದುವು ಎಂದು ಹೇಳುತ್ತದೆ. ಇದಕ್ಕೆ ಆಧಾರವಾಗಿ ತೋರಿಸುವ ಜರ್ಮನ್ ಲೇಖನವು ೧೯೩೩ರಲ್ಲಿ ಕ್ಯಾನ್ಸರ್ ಸಂಶೋಧನೆಯ ಒಂದು ಪತ್ರಿಕೆಯಲ್ಲಿ ಪ್ರಕಟವಾದುದು. ಅದರ ಶಿರೋನಾಮೆಯನ್ನು ಓದಿದವರಿಗೆ ಆಶ್ಚರ್ಯವಾಗದೆ ಇರದು. ಅಲ್ಲಿ ಗಡ್ಡೆಗೆ ವಿರುದ್ಧವಾದ ರೋಗನಿರೋಧದ ಪ್ರಸ್ತಾಪವಿದೆ. ಬೇರೆ ಜಾತಿಯ ಪ್ರಾಣಿಯ ಗಡ್ಡೆಯನ್ನು ಕೋಳಿಯ ಭ್ರೂಣದಲ್ಲಿ ನೆಡುವ ಪ್ರಸ್ತಾಪವಿದೆ. ಹಂದಿಯ ಹೆಸರಿಲ್ಲ; ಪಾಲಿಮರಿನ ಹೆಸರೂ ಇಲ್ಲ.

ಶಿರೋನಾಮೆಯಲ್ಲಿ ಇಲ್ಲದುದು ಲೇಖನದೊಳಗೂ ಇರಲಾರದೆಂದು ವಾದಿಸುವುದು ಸಾಹಸವಾದೀತು. ನಮ್ಮ ಆಕ್ಷೇಪ ಅಷ್ಟು ದೂರ ಹೋಗುವುದಿಲ್ಲ. ಶಿರೋನಾಮೆಯ ಕೋಳಿಭ್ರೂಣಕ್ಕೂ ರೂಢಿಯ ವಾಕ್ಯದ ಹಂದಿಗೂ ನಡುವೆ ಇರುವ ಅಂತರವನ್ನು ಆ ವಾಕ್ಯವು ವಿವರಿಸುವುದಿಲ್ಲ. ಅಂತರವಿದೆ ಎಂದು ಸೂಚಿಸುವುದೂ ಇಲ್ಲ. ಶಾಸನವನ್ನು ಓದದೆ, ಶಾಸನವನ್ನು ಓದಿದವರ ಸಾರಾಂಶವನ್ನು ಮಾತ್ರ ಓದಿ ರಾಜವಂಶಾವಳಿಯನ್ನು ಬರೆದವರನ್ನು ನಾವು ಒಪ್ಪುವುದಿಲ್ಲ. ಅದೇ ನಿಯಮ ಇಲ್ಲಿಯೂ ಅನ್ವಯಿಸಬೇಕು. ಮೂಲಪುರುಷನೊಬ್ಬನು ಬೇಕೆಂಬ ಹಂಬಲವು ವಂಶಾವಳಿಗಳನ್ನು ಹುಟ್ಟಿಸುವುದುಂಟು. ಆ ಹಂಬಲ ಅರಮನೆಗಳಿಗೆ ಮಾತ್ರ ಸೀಮಿತವಾದುದಲ್ಲ.

ಚಾಂಗರ ವಿಷಯದಲ್ಲಿ ಆಕರ ಸ್ಪಷ್ಟವಾಗಿದೆ. ಆದರೆ ವರ್ಗೀಕರಣ ಸ್ಪಷ್ಟವಾಗಿಲ್ಲ. ೧೯೬೪ರ ಅವರ ಪ್ರಸಿದ್ಧ ಲೇಖನವು ಅರೆಪಾರಕವಾದ ಪೊರೆಯುಳ್ಳ ಸೂಕ್ಷ್ಮ ಸಂಪುಟಗಳನ್ನು ಕುರಿತದ್ದು. ಒಳಗೆ ಇಟ್ಟದ್ದು ಮುಖ್ಯವಾಗಿ ಕಿಣ್ವಗಳು. ಹೊರಗಿನ ಪೊರೆ ನೈಲಾನ್, ಕೊಲೋಡಿಯನ್ ಮುಂತಾದುವುಗಳದು. ತೆಳುವಾದ ಪೊರೆಯ ಚೀಲದೊಳಗೆ ತುಂಬುವುದು ಒಂದು. ಜೆಲ್ಲಿನ ಬಲೆಯೊಳಗೆ ಹುದುಗಿಸುವುದು ಇನ್ನೊಂದು. ಮುಂದೆ ಇವೆರಡೂ ಒಂದೇ ಗುಳಿಗೆಯಲ್ಲಿ ಕೂಡಿದುವೆಂಬುದು ನಿಜ. ಆದರೆ ಕೂಡುವುದಕ್ಕೆ ಮೊದಲು ಅವು ಬೇರೆಯಾಗಿದ್ದುವೆಂಬುದನ್ನು ಇತಿಹಾಸ ಹೇಳದಿದ್ದರೆ, ಕೂಡಿದುದರ ಮಹತ್ವವೂ ತಿಳಿಯದೆ ಹೋಗುತ್ತದೆ.

೪

ಇನ್ನು, ಕಥನವು ಬಿಟ್ಟುಬಿಟ್ಟುದರ ಪ್ರಶ್ನೆ. ಜೀವಂತ ಕೋಶವನ್ನು ಜೆಲ್ಲಿನಲ್ಲಿ ಅಲುಗಾಡದಂತೆ ನಿಲ್ಲಿಸುವುದೇ ಈ ವಿದ್ಯೆಯ ಲಕ್ಷಣವಾದರೆ ಅದರ ಆರಂಭ ೧೯೩೩ರಲ್ಲಿ ಅಲ್ಲ, ಅದಕ್ಕೂ ಅರ್ಧಶತಮಾನದ ಹಿಂದೆ, ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ. ದ್ರವದಲ್ಲಿ ಬೆಳೆದ ಬ್ಯಾಕ್ಟೀರಿಯಗಳು ಒಂದರೊಡನೊಂದು ಬೆರೆತುಹೋಗುತ್ತವೆ. ಯಾವ ರೋಗಕ್ಕೆ ಯಾವುದು ಕಾರಣವೆಂದು ಹೇಳುವುದು ಅಸಾಧ್ಯವಾಗುತ್ತದೆ. ಮಾಧ್ಯಮವನ್ನು ಘನವಾಗಿಸಿದರೆ ಪ್ರತಿಯೊಂದು ಕೋಶವೂ ಬಿದ್ದಲ್ಲಿಯೇ ನಿಂತು, ತನ್ನ ಸಂತತಿಯನ್ನು ಅಲ್ಲಿಯೇ ಬೆಳೆಸುತ್ತದೆ. ಕರಗಿದ ಮಾಧ್ಯಮಕ್ಕೆ ಬ್ಯಾಕ್ಟೀರಿಯಗಳನ್ನು ಬೆರೆಸಿ ತಟ್ಟೆಗೆ ಸುರಿದು ಹೆಪ್ಪುಗಟ್ಟಿಸುವ ವಿಧಾನದಲ್ಲಿ ಕೋಶಗಳು ಜೆಲ್ಲಿನ ಮೇಲೆ ಮಾತ್ರವಲ್ಲ, ಅದರ ಒಡಲೊಳಗೇ ನೆಲೆಗೊಳ್ಳುತ್ತವೆ. ಇದನ್ನು ನಿಶ್ಚಲೀಕರಣವೆಂದು ಕರೆಯದಿರುವುದಕ್ಕೆ ಯಾವ ಕಾರಣವೂ ಕಾಣುವುದಿಲ್ಲ.

ಆ ಘನ ಮಾಧ್ಯಮ ಮೊದಲು ಜೆಲಟಿನ್ ಆಗಿತ್ತು. ಅದಕ್ಕೆ ಎರಡು ದೋಷಗಳಿದ್ದುವು: ದೇಹದ ಉಷ್ಣತೆಯಾದ ೩೭ ಡಿಗ್ರಿಯನ್ನು ಮುಟ್ಟುವುದರೊಳಗೆ ಅದು ಕರಗಿ ನೀರಾಗುತ್ತಿತ್ತು; ಅಲ್ಲದೆ ಕೆಲವು ಬ್ಯಾಕ್ಟೀರಿಯಗಳು ಅದನ್ನೇ ಜೀರ್ಣಿಸಿ ದ್ರವವಾಗಿಸುತ್ತಿದ್ದುವು. ಗಾಳಿಯಲ್ಲಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ವಾಲ್ಟರ್ ಹೆಸ್ಸೆ ಎಂಬಾತನಿಗೆ ಬೇಸಗೆಯಲ್ಲಿ ಇದು ದೊಡ್ಡ ತೊಡಕಾಯಿತು. ಪರಿಹಾರವನ್ನು ಸೂಚಿಸಿದವರು ಅವನ ಪತ್ನಿ ಫ್ಯಾನಿ ಆಂಜಲೀನ ಹೆಸ್ಸೆ. ೧೮೫೦ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಈಕೆ, ಜಾವಾ ದ್ವೀಪದಲ್ಲಿ ವಾಸಿಸಿ ಬಂದಿದ್ದ ಡಚ್ ನೆರೆಯವರಿಂದ, ಸೆಕೆಯಲ್ಲೂ ಕರಗದಂತೆ ಸಿಹಿತಿನಿಸನ್ನು ಹೆಪ್ಪುಗಟ್ಟಿಸಲು ಅಗರ್ ಬಳಸುವುದನ್ನು ಕಲಿತಿದ್ದರು. ನಮ್ಮ ಅಂಗಡಿಗಳಲ್ಲಿ 'ಚೈನಾ ಗ್ರಾಸ್' ಎಂದು ದೊರೆಯುವುದು ಇದೇ ವಸ್ತು. ಅದು ಕರಗಲು ಸುಮಾರು ೮೫ ಡಿಗ್ರಿ ಬೇಕು. ಕರಗಿದ ಮೇಲೆ ೪೦ ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಹೆಪ್ಪುಗಟ್ಟುವುದಿಲ್ಲ. ಹೀಗಾಗಿ ಕೋಶವನ್ನು ಬೇಯಿಸದೆ ಅದರೊಳಗೆ ಬೆರೆಸುವುದೂ, ಬೆರೆಸಿದ ಮೇಲೆ ದೇಹದ ಉಷ್ಣತೆಯಲ್ಲಿ ಬೆಳೆಸುವುದೂ ಸಾಧ್ಯವಾಯಿತು. ೧೮೮೨ರ ಕ್ಷಯರೋಗದ ಲೇಖನದಲ್ಲಿ ಕಾಕ್ ಅಗರನ್ನು ಪ್ರಸ್ತಾಪಿಸಿದನು. ಅದನ್ನು ಸೂಚಿಸಿದವರ ಹೆಸರನ್ನು ಹೇಳಲಿಲ್ಲ. ಐವತ್ತೇಳು ವರ್ಷಗಳ ತರುವಾಯ, ೧೯೩೯ರಲ್ಲಿ, ಹಿಚೆನ್ಸ್ ಮತ್ತು ಲೈಕಿಂಡ್ ಎಂಬುವರು ಈ ಸಂಗತಿಯನ್ನು ಬರೆದು ಪ್ರಕಟಿಸಿ, ಈ ಮಾಧ್ಯಮವನ್ನು ಆಕೆಯ ಹೆಸರಿನಿಂದಲೇ ಕರೆಯಬಾರದೇಕೆ ಎಂದು ಕೇಳಿದರು. ಆ ಹೆಸರು ಬಳಕೆಗೆ ಬರಲಿಲ್ಲ.

ಆಕೆಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲವೆಂಬುದು ಇಲ್ಲಿನ ವಾದದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಹೆಚ್ಚು ಮುಖ್ಯವಾದುದು. ಅಗರಿನ ತಟ್ಟೆಯನ್ನು ಪೂರ್ವಕಥೆಗೆ ಸೇರಿಸಿಕೊಂಡರೆ, ಕೋಶವು ಸಂದೇಹಕ್ಕೆ ಎಡೆಯಿಲ್ಲದಂತೆ ಜೀವಂತವಾಗಿದ್ದು, ಬೆಳೆದು, ಇಮ್ಮಡಿಸಿದ ಒಂದು ಉದಾಹರಣೆ ನಮಗೆ ಒರೆಗಲ್ಲಾಗಿ ದೊರೆಯುತ್ತದೆ. ಅದನ್ನು ಬಿಟ್ಟುದರಿಂದ ಆ ಒರೆಗಲ್ಲೂ ಕೈತಪ್ಪಿತು. ಅದರ ಪರಿಣಾಮ ಮುಂದಿನ ಹಂತದಲ್ಲಿ ಕಾಣುತ್ತದೆ.

೫

'ಜೀವಂತ' ಎಂಬ ಮಾತನ್ನು ಈ ಕಥನವು ಎಷ್ಟು ಸಡಿಲವಾಗಿ ಬಳಸುತ್ತದೆಂಬುದಕ್ಕೆ ಕೈಗಾರಿಕೆಯ ಅಧ್ಯಾಯವೇ ಸಾಕ್ಷಿ. ೧೯೬೬ರಲ್ಲಿ ಮೋಸ್‌ಬಾಕ್ ದ್ವಯರು ಕಲ್ಲುಹೂವಿನ ಕೋಶಗಳನ್ನು ಪಾಲಿಅಕ್ರಿಲಮೈಡ್ ಎಂಬ ಕೃತಕ ಜೆಲ್ಲಿನಲ್ಲಿ ಹಿಡಿದಿಟ್ಟು, ಅದನ್ನು ಕೊಳವೆಯಲ್ಲಿ ತುಂಬಿ, ದ್ರಾವಣವನ್ನು ಅದರ ಮೂಲಕ ಹರಿಸಿದರು. ಅವರ ಲೇಖನದ ಶಿರೋನಾಮೆಯು ಕಿಣ್ವಗಳನ್ನೂ ಸೂಕ್ಷ್ಮಜೀವಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇದು ಗಮನಾರ್ಹ. ಅವರ ದೃಷ್ಟಿಯಲ್ಲಿ ಕೋಶವು ಕಿಣ್ವಗಳನ್ನು ತುಂಬಿದ ಒಂದು ಸಂಚಿ. ಅದು ಬದುಕಿದೆಯೆ ಇಲ್ಲವೆ ಎಂಬುದು ಮುಖ್ಯ ಪ್ರಶ್ನೆಯಲ್ಲ.

೧೯೭೩ರಲ್ಲಿ ಜಪಾನಿನ ತನಾಬೆ ಸೆಯಾಕು ಸಂಸ್ಥೆಯಲ್ಲಿ ಇಚಿರೊ ಚಿಬಾಟಾ, ತೆತ್ಸುಯ ತೋಸ ಮುಂತಾದವರು ಎಶರೀಕಿಯ ಕೋಲೈ ಎಂಬ ಬ್ಯಾಕ್ಟೀರಿಯವನ್ನು ಇದೇ ಜೆಲ್ಲಿನಲ್ಲಿ ಹಿಡಿದಿಟ್ಟು, ಆಸ್ಪಾರ್ಟಿಕ್ ಆಮ್ಲವನ್ನು ಕೈಗಾರಿಕೆಯ ಪ್ರಮಾಣದಲ್ಲಿ ತಯಾರಿಸತೊಡಗಿದರು. ಸಂಶೋಧನೆಯ ದೃಷ್ಟಿಯಿಂದ ಇದು ಶ್ಲಾಘ್ಯವಾದ ಸಾಧನೆ. ಈ ಪ್ರಯೋಗದಲ್ಲಿ ಒಂದು ವಿಚಿತ್ರ ಕಂಡುಬಂದಿತು: ಕೋಶಗಳಿರುವ ಜೆಲ್ಲನ್ನು ೩೭ ಡಿಗ್ರಿಯಲ್ಲಿ ಒಂದೆರಡು ದಿನ ದ್ರಾವಣದಲ್ಲಿ ಬಿಟ್ಟರೆ ಅದರ ಕಾರ್ಯಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚುತ್ತಿತ್ತು. ಕಾರಣವನ್ನು ಸಂಶೋಧಕರೇ ಕಂಡುಕೊಂಡರು. ಕೋಶಗಳು ತಮ್ಮೊಳಗೇ ಕರಗಿ ಒಡೆದುದರಿಂದ ತಡೆಗೋಡೆ ಸಡಿಲಗೊಂಡು, ಕಚ್ಚಾವಸ್ತು ಒಳಗೂ ತಯಾರಾದುದು ಹೊರಗೂ ಸುಲಭವಾಗಿ ಹರಿಯುತ್ತಿತ್ತು. ಕಿಣ್ವ ಮಾತ್ರ ಬಲೆಯಲ್ಲಿ ಉಳಿಯುತ್ತಿತ್ತು. ಅಂದರೆ, ಕೋಶ ಅಳಿದ ಮೇಲೆಯೇ ಕಾರ್ಖಾನೆ ಚೆನ್ನಾಗಿ ನಡೆಯಿತು. ಆ ಕಾರ್ಯಶಕ್ತಿ ಅರ್ಧಕ್ಕೆ ಇಳಿಯಲು ೧೨೦ ದಿನ ಹಿಡಿಯುತ್ತಿತ್ತು. ೧೯೭೮ರಲ್ಲಿ ಪಾಲಿಅಕ್ರಿಲಮೈಡನ್ನು ಬಿಟ್ಟು, ಕಡಲಪಾಚಿಯಿಂದ ಬರುವ ಕ್ಯಾರಗೀನನ್ನಿಗೆ ಬದಲಾಯಿಸಿ, ಅದನ್ನು ರಾಸಾಯನಿಕಗಳಿಂದ ಗಟ್ಟಿಗೊಳಿಸಿದ ಮೇಲೆ ಈ ಅವಧಿ ಎರಡು ವರ್ಷಗಳ ಸಮೀಪಕ್ಕೆ ಏರಿತು.

ಚಿಬಾಟಾ ಮತ್ತು ಅವರ ಸಂಗಡಿಗರು ಏನನ್ನೂ ಮರೆಮಾಚಲಿಲ್ಲ. ಮರೆಯಾದುದು ಅನಂತರದ ಕಥನದಲ್ಲಿ. ಅಲ್ಲಿ ಈ ಪ್ರಯೋಗವು 'ಜೀವಕೋಶಗಳ ನಿಶ್ಚಲೀಕರಣ'ದ ಮೊದಲ ದೊಡ್ಡ ಗೆಲುವೆಂದು ದಾಖಲಾಗಿ, ಅದರ ಪಕ್ಕದಲ್ಲಿಯೇ ೧೯೮೦ರ ದ್ವೀಪಕಗಳು ಬಂದು ಕೂರುತ್ತವೆ. ಓದುಗನು, ಕಾರ್ಖಾನೆಯಲ್ಲಿ ಎರಡು ವರ್ಷ ಉಳಿದ ಕೋಶ ದೇಹದಲ್ಲಿಯೂ ಉಳಿದೀತೆಂದು ತಿಳಿದರೆ ತಪ್ಪು ಅವನದಲ್ಲ. ಎರಡು ವರ್ಷ ಉಳಿದುದು ಕೋಶವಲ್ಲ, ಕಿಣ್ವ.

ಕಾರ್ಖಾನೆಯ ದಾರಿಯಲ್ಲಿಯೂ ಕೋಶ ಬದುಕಿಯೇ ದುಡಿದ ಉದಾಹರಣೆಗಳು ಇಲ್ಲದಿಲ್ಲ. ೧೯೭೯ರಲ್ಲಿ ಬ್ರೊಡೀಲಿಯಸ್, ಮೋಸ್‌ಬಾಕ್, ತ್ಸೆಂಕ್ ಮುಂತಾದವರು ನಿತ್ಯಪುಷ್ಪವೇ ಮೊದಲಾದ ಸಸ್ಯಗಳ ಕೋಶಗಳನ್ನು ಆಲ್ಜಿನೇಟಿನಲ್ಲಿ ನೆಲೆಗೊಳಿಸಿದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ೧೯೯೦ರ ದಶಕದಲ್ಲಿ, ಮೆಣಸಿನ ಗಿಡದ ಕೋಶಗಳನ್ನು ಹೀಗೆಯೇ ನೆಲೆಗೊಳಿಸಿ, ಫೆರುಲಿಕ್ ಆಮ್ಲ ಮುಂತಾದ ಪೂರ್ವವಸ್ತುಗಳನ್ನು ಒದಗಿಸಿ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನನ್ನೂ ವ್ಯಾನಿಲಿನನ್ನೂ ಪಡೆಯುವ ಪ್ರಯೋಗಗಳು ನಡೆದುವು. ಇಂತಹ ಕೆಲಸವನ್ನು ಚಿಬಾಟಾರ ಪ್ರಯೋಗದೊಡನೆ ಒಂದೇ ಸಾಲಿನಲ್ಲಿ ಬರೆಯುವಾಗ, ಒಂದರಲ್ಲಿ ಕೋಶದ ಬದುಕು ಬೇಕಾದುದು, ಇನ್ನೊಂದರಲ್ಲಿ ಬೇಡವಾದುದು ಎಂಬ ಭೇದವನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕಲ್ಲವೆ?

೬

ಮೂರನೆಯ ಕೊರತೆ ಜೆಲ್ಲನ್ನೇ ಕುರಿತದ್ದು. ಪ್ರಚಲಿತ ಕಥನದಲ್ಲಿ ಕರ್ತೃಗಳಿದ್ದಾರೆ, ಕೋಶಗಳಿವೆ. ಜೆಲ್ಲು ಮಾತ್ರ ನಾಟಕದ ಪರದೆಯಂತೆ ಹಿಂದೆ ತೂಗುತ್ತಿರುತ್ತದೆ. ಅದು ಎಲ್ಲಿಂದ ಬಂತು, ಯಾರು ತಂದರು, ಏಕೆ ಬದಲಾಯಿತು ಎಂಬುದನ್ನು ಕೇಳಿದರೆ ಕಾಲಾನುಕ್ರಮವೇ ಬೇರೆಯಾಗಿ ಕಾಣುತ್ತದೆ.

ಆಲ್ಜಿನೇಟನ್ನು ತೆಗೆದುಕೊಳ್ಳೋಣ. ೧೮೮೦ರ ದಶಕದ ಆದಿಯಲ್ಲಿ ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಎಂಬ ರಸಾಯನಶಾಸ್ತ್ರಜ್ಞನು ಸ್ಕಾಟ್ಲೆಂಡಿನ ಕರಾವಳಿಯ ಕಂದು ಪಾಚಿಯಿಂದ ಇದನ್ನು ಬೇರ್ಪಡಿಸಿದನು. ಆ ಕರಾವಳಿಯಲ್ಲಿ ಪಾಚಿಯನ್ನು ಸುಟ್ಟು ಬೂದಿಯಿಂದ ಅಯೋಡಿನ್ ತೆಗೆಯುವ ಉದ್ಯಮವಿತ್ತು. ಸುಡುವುದರಲ್ಲಿ ಹಾಳಾಗುತ್ತಿದ್ದುದನ್ನು ಉಪಯೋಗಕ್ಕೆ ತರಬೇಕೆಂಬುದು ಅವನ ಉದ್ದೇಶ. ಜೀವಕೋಶದ ಯೋಚನೆ ಅವನಿಗೆ ಇರಲಿಲ್ಲ. ಅನಂತರ ಸುಮಾರು ಒಂದು ಶತಮಾನ ಕಾಲ ಅದು ಆಹಾರವನ್ನು ಮಂದಗೊಳಿಸಲು, ಬಟ್ಟೆಗೆ ಬಣ್ಣದ ಅಚ್ಚು ಹಾಕಲು, ಹಲ್ಲಿನ ಅಚ್ಚು ತೆಗೆಯಲು ಬಳಕೆಯಾಯಿತು. ೧೯೭೩ರಲ್ಲಿ ಗ್ರಾಂಟ್, ರೀಸ್ ಮುಂತಾದವರು ಅದು ಹೆಪ್ಪುಗಟ್ಟುವ ಬಗೆಯನ್ನು ವಿವರಿಸಿದರು: ಸರಪಳಿಯಲ್ಲಿ ಗುಲುರೊನಿಕ್ ಆಮ್ಲದ ಭಾಗಗಳು ಅಂಕುಡೊಂಕಾಗಿರುತ್ತವೆ, ಎರಡು ಸರಪಳಿಗಳು ಎದುರುಬದುರಾಗಿ ನಿಂತಾಗ ಉಂಟಾಗುವ ಗುಳಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು, ತಟ್ಟೆಯ ಗುಳಿಗಳಲ್ಲಿ ಮೊಟ್ಟೆಗಳು ಕೂರುವಂತೆ ಕೂರುತ್ತವೆ. ಆದುದರಿಂದ ಸೋಡಿಯಂ ಆಲ್ಜಿನೇಟಿನೊಡನೆ ಕೋಶಗಳನ್ನು ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ ಸಾಕು, ಪ್ರತಿ ಹನಿಯೂ ಮಣಿಯಾಗಿ ಗಟ್ಟಿಯಾಗುತ್ತದೆ. ಕಾಯಿಸಬೇಕಾಗಿಲ್ಲ, ಅಕ್ರಿಲಮೈಡಿನಂತಹ ವಿಷದ ಸೋಂಕೂ ಇಲ್ಲ. ಕೋಶವನ್ನು ಬದುಕಿಸಿ ಇಡಬೇಕೆಂಬ ಅಪೇಕ್ಷೆ ಬಲವಾದ ಕಾಲದಲ್ಲಿಯೇ ಈ ಜೆಲ್ಲು ಮುಂದೆ ಬಂದುದು ಆಕಸ್ಮಿಕವಲ್ಲ.

ಜೆಲ್ಲಿನ ಪೂರೈಕೆಯೂ ಇತಿಹಾಸದ ಒಂದು ಕಾರಣವೇ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಅಗರಿನ ಬಹುಭಾಗ ಜಪಾನಿನಿಂದ ಬರುತ್ತಿತ್ತು. ೧೯೪೧ರ ಕೊನೆಯಲ್ಲಿ ಆ ದಾರಿ ಮುಚ್ಚಿದಾಗ ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್‌ಗಳು ತಮ್ಮ ತಮ್ಮ ಕಡಲತೀರಗಳಲ್ಲಿ ಪಾಚಿಯನ್ನು ಹುಡುಕಬೇಕಾಯಿತು. ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿಯ ತೀರದಲ್ಲಿ ೧೯೬೦ರ ದಶಕದಿಂದ ಅಗರಿಗಾಗಿ ಜೆಲಿಡಿಯೆಲ್ಲ, ಆಲ್ಜಿನೇಟಿಗಾಗಿ ಸರ್ಗಾಸಮ್ ಪಾಚಿಗಳನ್ನು ವ್ಯಾಪಾರಕ್ಕಾಗಿ ಸಂಗ್ರಹಿಸುವುದು ಬೆಳೆಯಿತು. ತಮಿಳುನಾಡಿನ ಆ ಊರುಗಳಲ್ಲಿ ಈ ಕೆಲಸವನ್ನು ಮಾಡುತ್ತ ಬಂದವರಲ್ಲಿ ಮೀನುಗಾರ ಕುಟುಂಬಗಳ ಹೆಂಗಸರು ಬಹಳ ಮಂದಿ; ಅವರು ನೀರಿನಲ್ಲಿ ಮುಳುಗಿ ಬಂಡೆಗಳಿಂದ ಪಾಚಿಯನ್ನು ಕೈಯಿಂದ ಕಿತ್ತು ತರುತ್ತಾರೆ. ೧೯೮೬ರಲ್ಲಿ ಅಲ್ಲಿನ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಮೇಲೆ ಅವರ ದುಡಿಮೆಗೂ ಸಂರಕ್ಷಣೆಯ ಕಟ್ಟಳೆಗೂ ತಿಕ್ಕಾಟ ಹುಟ್ಟಿತು. ಜೀವವಿಜ್ಞಾನದ ಇತಿಹಾಸದಲ್ಲಿ ಇವರ ಪ್ರಸ್ತಾಪ ಅಪ್ರಸ್ತುತವೆಂದು ಹೇಳುವವರು ಇರಬಹುದು. ಹತ್ತಿಯ ಗಿರಣಿಗಳ ಇತಿಹಾಸವನ್ನು ಹತ್ತಿ ಬೆಳೆದವರನ್ನು ಬಿಟ್ಟು ಬರೆಯಲಾಗದೆಂಬುದನ್ನು ಒಪ್ಪಿಕೊಂಡ ಮೇಲೆ, ಜೆಲ್ಲಿನ ಇತಿಹಾಸಕ್ಕೆ ಬೇರೆ ನ್ಯಾಯವನ್ನು ಹೇಳುವುದು ಕಷ್ಟ.

೭

ಈಗ ಕೋಟೆಯ ದಾರಿಗೆ ಬರೋಣ; ಕಥನದ ದೋಷಗಳಿಗೆ ಬೆಲೆ ತೆರಬೇಕಾದ ಸ್ಥಳ ಇದೇ. ಇನ್ಸುಲಿನ್ ಸ್ರವಿಸುವ ದ್ವೀಪಕಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ನೆಟ್ಟರೆ ದೇಹವು ಅವನ್ನು ಪರಕೀಯವೆಂದು ಬಗೆದು ನಾಶಮಾಡುತ್ತದೆ. ಅದನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದನ್ನು ನಿರಂತರವಾಗಿ ಕೊಡಬೇಕು. ಆ ಮದ್ದು ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ. ಜೆಲ್ಲಿನ ಕೋಟೆ ಇದ್ದರೆ ಮದ್ದು ಬೇಕಾಗಲಾರದು: ಸಕ್ಕರೆ ಒಳಗೆ ಬರುವುದು, ಇನ್ಸುಲಿನ್ ಹೊರಗೆ ಹೋಗುವುದು, ದಾಳಿಯ ಕೋಶಗಳು ಹೊರಗೇ ನಿಲ್ಲುವುವು. ಇದು ಲಿಮ್ ಮತ್ತು ಸನ್‌ರ ಯೋಜನೆಯ ತಿರುಳು. ಅವರ ಪ್ರಯೋಗದಲ್ಲಿ ಇಲಿಗಳ ಮಧುಮೇಹ ಎರಡು ಮೂರು ವಾರಗಳ ಕಾಲ ಹತೋಟಿಗೆ ಬಂದಿತು. 'ಗುಣಪಡಿಸಿದರು' ಎಂಬ ಕಥನದ ಮಾತಿಗೆ ಈ ಅವಧಿಯನ್ನು ಸೇರಿಸಿ ಓದಬೇಕು.

೧೯೯೪ರಲ್ಲಿ ಪ್ಯಾಟ್ರಿಕ್ ಸೂನ್-ಶಿಯಾಂಗ್ ಮತ್ತು ಸಂಗಡಿಗರು, ಆಲ್ಜಿನೇಟಿನ ಗುಳಿಗೆಗಳಲ್ಲಿ ದ್ವೀಪಕಗಳನ್ನು ಪಡೆದ ರೋಗಿಯೊಬ್ಬರು ಒಂಬತ್ತು ತಿಂಗಳ ಅನಂತರ ಇನ್ಸುಲಿನ್ ಚುಚ್ಚುಮದ್ದನ್ನು ಬಿಡಲು ಸಾಧ್ಯವಾಯಿತೆಂದು ವರದಿ ಮಾಡಿದರು. ಇದು ಸೋಪಾನದ ಮೇಲಿನ ಮೆಟ್ಟಿಲೆಂದು ಹಲವೆಡೆ ಉಲ್ಲೇಖವಾಗಿದೆ. ಆದರೆ ಆ ರೋಗಿಗೆ ಮೊದಲೇ ಮೂತ್ರಪಿಂಡದ ನಾಟಿಯಾಗಿತ್ತು. ಅದಕ್ಕಾಗಿ ರೋಗನಿರೋಧವನ್ನು ತಗ್ಗಿಸುವ ಮದ್ದನ್ನು ಅವರು ಸೇವಿಸುತ್ತಲೇ ಇದ್ದರು. ಮದ್ದನ್ನು ಬೇಡವಾಗಿಸುವುದೇ ಕೋಟೆಯ ಉದ್ದೇಶವಾಗಿರುವಾಗ, ಮದ್ದಿನ ಜೊತೆಗೆ ದೊರೆತ ಗೆಲುವು ಕೋಟೆಯದೆಷ್ಟು, ಮದ್ದಿನದೆಷ್ಟು? ವರದಿಯು ಈ ಸಂಗತಿಯನ್ನು ಮುಚ್ಚಿಡಲಿಲ್ಲ; ಅದನ್ನು ಒಂದು ವಾಕ್ಯಕ್ಕೆ ಇಳಿಸಿದ ಉಲ್ಲೇಖಗಳಲ್ಲಿ ಅದು ಉದುರಿಹೋಗುತ್ತದೆ.

ಅನಂತರದ ದಾಖಲೆಗಳು ಹೆಚ್ಚು ಎಚ್ಚರದವು. ೨೦೦೬ರಲ್ಲಿ ಇಟಲಿಯ ಕಲಾಫಿಯೋರೆ ಮತ್ತು ಸಂಗಡಿಗರು ಮದ್ದಿಲ್ಲದೆಯೇ ಇಬ್ಬರು ರೋಗಿಗಳಿಗೆ ಗುಳಿಗೆಗಳನ್ನು ನೆಟ್ಟರು. ಇನ್ಸುಲಿನ್ನಿನ ಅಗತ್ಯ ತಗ್ಗಿತು. ೨೦೦೯ರಲ್ಲಿ ಆಸ್ಟ್ರೇಲಿಯದ ಟುಚ್ ಮತ್ತು ಸಂಗಡಿಗರು ನಾಲ್ವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲೊಬ್ಬರನ್ನು ೧೬ ತಿಂಗಳ ತರುವಾಯ ಪರೀಕ್ಷಿಸಿದಾಗ ಉದರದೊಳಗೆ ಗುಳಿಗೆಗಳು ಒಡೆಯದೆ ಇದ್ದುವು. ಅವುಗಳ ಸುತ್ತ ನಾರಿನಂತಹ ಅಂಗಾಂಶ ಬೆಳೆದಿತ್ತು. ಒಳಗಿನ ದ್ವೀಪಕಗಳು ಸತ್ತಿದ್ದುವು. ಕೋಟೆ ಬೀಳಲಿಲ್ಲ, ಒಳಗಿದ್ದವರು ಬದುಕಲಿಲ್ಲ. ಹೊರಗೆ ನಿಂತ ದೇಹದ ಕೋಶಗಳು ಗುಳಿಗೆಯನ್ನೇ ಸುತ್ತುಗಟ್ಟಿದಾಗ ಆಮ್ಲಜನಕದ ದಾರಿ ಮುಚ್ಚಿಹೋಗುತ್ತದೆ. ಜೆಲ್ಲನ್ನು ಜಡವಾದ ಪರದೆಯೆಂದು ಬಗೆದವರಿಗೆ ಇದು ಪಾಠ: ಆ ಜೆಲ್ಲಿನ ಶುದ್ಧತೆ, ಅದರ ಆಮ್ಲ ಘಟಕಗಳ ಪ್ರಮಾಣ, ಗುಳಿಗೆಯ ಗಾತ್ರ ಇವೆಲ್ಲಕ್ಕೂ ದೇಹ ಉತ್ತರ ಕೊಡುತ್ತದೆ. ೨೦೧೫ರಲ್ಲಿ, ಒಂದೂವರೆ ಮಿಲಿಮೀಟರಿನ ದಪ್ಪ ಗುಳಿಗೆಗಳ ಸುತ್ತ ನಾರು ಕಟ್ಟುವುದು ಸಣ್ಣವುಗಳಿಗಿಂತ ಕಡಿಮೆ ಎಂದು ತೋರಿಸಲಾಯಿತು. ಆದರೆ ಗುಳಿಗೆ ದಪ್ಪವಾದಷ್ಟೂ ಅದರ ನಡುವಿನ ಕೋಶಕ್ಕೆ ಆಮ್ಲಜನಕ ದೂರವಾಗುತ್ತದೆ. ೨೦೧೬ರಲ್ಲಿ ರಾಸಾಯನಿಕವಾಗಿ ಮಾರ್ಪಡಿಸಿದ ಆಲ್ಜಿನೇಟಿನಲ್ಲಿಟ್ಟ, ಮಾನವ ಮೂಲಕೋಶಗಳಿಂದ ಬೆಳೆಸಿದ ಕೋಶಗಳು ಮದ್ದಿಲ್ಲದೆ ೧೭೪ ದಿನ ಇಲಿಮರಿಗಳಂತಹ ಸಣ್ಣ ಮೂಷಕಗಳ ಸಕ್ಕರೆಯನ್ನು ಹತೋಟಿಯಲ್ಲಿಟ್ಟುವು, ಹೊರತೆಗೆದಾಗಲೂ ಜೀವಂತವಾಗಿದ್ದುವು. ಇದು ನಿಜವಾಗಿಯೂ ಕೋಟೆಯ ಲೆಕ್ಕಕ್ಕೆ ಸೇರುವ ಗೆಲುವು. ಮನುಷ್ಯರ ಚಿಕಿತ್ಸೆಯಲ್ಲಿ ಮಾತ್ರ ಈ ವಿಧಾನವು ನಿತ್ಯಬಳಕೆಗೆ ಬಂದಿಲ್ಲ.

೮

ಸಮೀಕ್ಷಾ ಲೇಖನದ ಇತಿಹಾಸದ ಕಂಡಿಕೆ ಒಂದು ಶಿಷ್ಟಾಚಾರ ಮಾತ್ರ, ಅದರಿಂದ ಯಾರಿಗೂ ಹಾನಿಯಿಲ್ಲ ಎಂದು ವಿಜ್ಞಾನದ ಅಧ್ಯಾಪಕರು ಹೇಳಬಹುದು. ಈ ಸಮಾಧಾನ ಒಪ್ಪತಕ್ಕುದಲ್ಲ. ಆ ಕಂಡಿಕೆಯಿಂದಲೇ ವಿದ್ಯಾರ್ಥಿಯು ಯಾವುದು ಮುಗಿದ ಕೆಲಸ, ಯಾವುದು ಮುಗಿಯದ ಕೆಲಸ ಎಂಬುದನ್ನು ಗ್ರಹಿಸುತ್ತಾನೆ. ಮಧುಮೇಹದ ಮಗುವಿರುವ ಮನೆಯವರು ಪತ್ರಿಕೆಗಳಲ್ಲಿ ಓದುವ ಆಶೆಯ ಮಾತುಗಳಿಗೂ ಅದೇ ಬೀಜ. ಸತ್ತ ಕೋಶದ ಗೆಲುವನ್ನು ಬದುಕಿದ ಕೋಶದ ಗೆಲುವೆಂದು ಬರೆದರೆ, ನಾಲ್ಕು ದಶಕಗಳಿಗೂ ಮಿಕ್ಕಿ ನಡೆದಿರುವ ಕಷ್ಟದ ದುಡಿಮೆ ಸುಲಭವೆಂದು ಕಾಣುತ್ತದೆ. ಸುಲಭವಾದುದು ಏಕೆ ಇನ್ನೂ ಆಗಲಿಲ್ಲವೆಂದು ಜನ ಕೇಳಿದಾಗ ವಿಜ್ಞಾನದ ಮೇಲೆಯೇ ಅಪನಂಬಿಕೆ ಹುಟ್ಟುತ್ತದೆ.

ಆದುದರಿಂದ ಈ ವಿಷಯವನ್ನು ಬೋಧಿಸುವವರು ಪಟ್ಟಿಯ ಪ್ರತಿಯೊಂದು ವರ್ಷದ ಮುಂದೆಯೂ ನಾಲ್ಕು ಸಂಗತಿಗಳನ್ನು ಬರೆಯಿಸಿದರೆ ಒಳಿತು: ಕೋಶದಿಂದ ಬಯಸಿದುದೇನು; ಜೆಲ್ಲು ಯಾವುದು, ಎಲ್ಲಿಂದ ಬಂದುದು; ಎಷ್ಟು ಕಾಲ ನಡೆಯಿತು; ಕೊನೆಯಲ್ಲಿ ಕೋಶ ಬದುಕಿತ್ತೆ. ಹೀಗೆ ಬರೆದ ಪಟ್ಟಿ ಈಗಿನದಕ್ಕಿಂತ ಉದ್ದವಾಗುವುದು, ಅದರ ಏರಿಕೆಯೂ ಅಷ್ಟು ನೇರವಾಗಿ ಕಾಣದು. ಆದರೆ ಅದರಲ್ಲಿ ೧೮೮೨ಕ್ಕೂ ೨೦೦೯ಕ್ಕೂ ತಕ್ಕ ಸ್ಥಳವಿರುತ್ತದೆ. ಬಿಶೆಲ್ಯೆಯ ಮೂಲ ಲೇಖನವನ್ನು ಆದ್ಯಂತವಾಗಿ ಓದಿ, ಅದರಲ್ಲಿರುವುದನ್ನು ಇದ್ದ ಹಾಗೆ ಹೇಳುವ ಕೆಲಸವನ್ನು ಜರ್ಮನ್ ಬಲ್ಲ ವಿದ್ಯಾರ್ಥಿಯೊಬ್ಬನು ಕೈಗೊಂಡರೆ ಇತಿಹಾಸ ವಿಭಾಗಕ್ಕೂ ಜೀವವಿಜ್ಞಾನ ವಿಭಾಗಕ್ಕೂ ಸಮಾನವಾದ ಉಪಕಾರವಾದೀತು.